ನಮ್ಮ ಮಾತ್ರೆ ಬರೆಯಬೇಡಿ ಸಾರ್

ಹಿರಿಯೂರಿನ ಮೆಡಿಕಲ್ ಸ್ಟೋರಿನಲ್ಲಿ ಡಾಕ್ಟರ ಚೀಟಿ ತೋರಿಸುವವರು ಕಡಿಮೆ. ಸೆರಗಿನ ಗಂಟಿನಿಂದಲೋ ಅಂಗಿಯ ಜೇಬಿನಿಂದಲೋ ಮಾತ್ರೆ ಮುಗಿದ ಖಾಲಿ ಸ್ಟ್ರಿಪ್ ತೆಗೆದು ಕೌಂಟರಿನ ಮೇಲಿಟ್ಟು, "ಇದೇ ಕೊಡ್ರಿ" ಅನ್ನುತ್ತಾರೆ. ಅಂಗಡಿಯವರು ಅದನ್ನೇ ಕೊಡುತ್ತಾರೆ. ಅದೇ ಔಷಧ ಬೇರೆ ಕಂಪನಿಯದು ಕಡಿಮೆ ಬೆಲೆಗೆ ಪಕ್ಕದ ಖಾನೆಯಲ್ಲೇ ಇದ್ದರೂ, ಡಾಕ್ಟರು ಬರೆದ ಹೆಸರನ್ನು ಬದಲಿಸುವ ಅಧಿಕಾರ ಅವರಿಗಿಲ್ಲ. ಅಧಿಕಾರ ಇದ್ದರೂ ಬಣ್ಣ ಬದಲಾದ ಮಾತ್ರೆಯನ್ನು ನಮ್ಮ ಜನ ಸುಲಭಕ್ಕೆ ಬಾಯಿಗೆ ಹಾಕುವುದಿಲ್ಲ. ಹಾಗಾಗಿ ನನ್ನಂಥ ಮೆಡಿಕಲ್ ರೆಪ್ ಒಂದು ಹೊಸ ಮಾತ್ರೆಯನ್ನು ಆ ಕೌಂಟರ್ ದಾಟಿಸಬೇಕಾದರೆ ಮೊದಲು ಡಾಕ್ಟರನ್ನು ಒಪ್ಪಿಸಬೇಕು, ಆಮೇಲೆ ಅಂಗಡಿಯವರ ಕಪಾಟಿನಲ್ಲಿ ಜಾಗ ಮಾಡಿಸಬೇಕು, ಆಮೇಲೂ ರೋಗಿಯ ಕಣ್ಣಿಗೆ ಅದು ಪರಕೀಯ ಅನ್ನಿಸದಂತೆ ನೋಡಿಕೊಳ್ಳಬೇಕು.

ನಾನು ಹೇಳಹೊರಟಿರುವುದು ಅಂಥದ್ದೊಂದು ಮಾತ್ರೆಯ ವಿಷಯ. ಹೃದಯ ಸೋತು, ರಕ್ತವನ್ನು ಸರಿಯಾಗಿ ದಬ್ಬಲಾರದೆ, ಕಾಲಲ್ಲಿ ನೀರು ತುಂಬಿಕೊಂಡು, ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವರಿಗೆ ಕೊಡುವ ಮಾತ್ರೆ ಅದು. ಬೆಳಿಗ್ಗೆ ಒಂದು, ರಾತ್ರಿ ಒಂದು. ಒಂದು ವಿದೇಶಿ ಕಂಪನಿಗೆ ಅದರ ಪೇಟೆಂಟ್ ಇತ್ತು. ಅರ್ಜಿ ಹಾಕಿದ ದಿನದಿಂದ ಇಪ್ಪತ್ತು ವರ್ಷ ಬೇರೆ ಯಾರೂ ಅದನ್ನು ಮಾಡಿ ಮಾರುವಂತಿಲ್ಲ. ಹಾಗಾಗಿ ಅವರು ಇಟ್ಟದ್ದೇ ಬೆಲೆ. ಆ ಇಪ್ಪತ್ತು ವರ್ಷ ಸಂಕ್ರಾಂತಿ ಕಳೆದ ಕೂಡಲೇ ಮುಗಿಯುವುದಿತ್ತು. ಮರುದಿನವೇ ನಮ್ಮ ಕಂಪನಿ ಸ್ವಂತ ಕಾರ್ಖಾನೆಯಲ್ಲಿ ಮಾಡಿದ ಅದೇ ಔಷಧವನ್ನು ಕಾಲು ಬೆಲೆಗೆ ಇಳಿಸುತ್ತದೆ ಎಂದು ನಮ್ಮ ಮ್ಯಾನೇಜರು ದಸರಾ ಕಳೆದ ಮೇಲೆ ಚಿತ್ರದುರ್ಗದ ಹೋಟೆಲಿನಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು.

ಈ ಮ್ಯಾನೇಜರೇ ನನಗೆ ಈ ಕಸುಬು ಕಲಿಸಿದವರು. ಹೊಸದಾಗಿ ಸೇರಿದಾಗ ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸುತ್ತಿದ್ದ ನನ್ನನ್ನು ತಡೆದು, "ನಿಮ್ಮಜ್ಜಿ ಹತ್ರ ಹೆಂಗೆ ಮಾತಾಡ್ತಿದ್ದೆ ಹಂಗೆ ಮಾತಾಡಪ್ಪ. ಈ ಸೀಮೇಲಿ ಅದೇ ನಡೆಯೋದು" ಅಂದಿದ್ದರು. ನನಗೆ ಮಾತು ಬಂದದ್ದೇ ಅಜ್ಜಿಯಿಂದ, ಅವಳ ಜಗಲಿಯಲ್ಲಿ ಎಲೆ ಹಾಕಿಕೊಳ್ಳುತ್ತ ಕೂರುತ್ತಿದ್ದ ಮುದುಕರಿಂದ. ಅವತ್ತಿನಿಂದ ನಾನು ಡಾಕ್ಟರ ಮುಂದೆಯೂ ಅಂಗಡಿಯವರ ಮುಂದೆಯೂ ಹಾಗೇ ಮಾತಾಡಿದೆ. ಜನ ಕೂರಿಸಿ ಚಹಾ ಕೊಟ್ಟರು. ಮ್ಯಾನೇಜರನ್ನು ನಾನು ಮೇಲಧಿಕಾರಿ ಎಂದುಕೊಂಡದ್ದಕ್ಕಿಂತ ಅಣ್ಣ ಎಂದುಕೊಂಡದ್ದೇ ಹೆಚ್ಚು.

ಕೆಲಸ ಶುರುವಾಯಿತು. ಸೋಮವಾರ ಚಿತ್ರದುರ್ಗ, ಮಂಗಳವಾರ ಹೊಳಲ್ಕೆರೆ, ಬುಧವಾರ ಹೊಸದುರ್ಗ, ಗುರುವಾರ ಹಿರಿಯೂರು. ಪೇಟೆಂಟ್ ಮುಗಿಯುವ ತನಕ ನಮ್ಮ ಮಾತ್ರೆಯ ಹೆಸರೆತ್ತುವಂತಿಲ್ಲ, ಮಾದರಿ ಕೊಡುವಂತಿಲ್ಲ. ನನ್ನ ಕೈಲಿದ್ದದ್ದು ಬಾಯಿ ಮಾತ್ರ. ಚಿತ್ರದುರ್ಗದ ಹೃದಯದ ಡಾಕ್ಟರು ಮೊದಲ ಭೇಟಿಯಲ್ಲೇ ಇಕ್ಕಟ್ಟಿನ ಪ್ರಶ್ನೆ ಹಾಕಿದರು: ಅಗ್ಗದ ಮಾತ್ರೆ ರಕ್ತದಲ್ಲಿ ಅಷ್ಟೇ ಹೊತ್ತಿಗೆ, ಅಷ್ಟೇ ಪ್ರಮಾಣಕ್ಕೆ ಏರುತ್ತದೆ ಎನ್ನುವುದಕ್ಕೆ ಏನು ಖಾತರಿ? ಇದು ನ್ಯಾಯವಾದ ಪ್ರಶ್ನೆ. ಆರೋಗ್ಯವಂತರಿಗೆ ಎರಡೂ ಮಾತ್ರೆ ಕೊಟ್ಟು, ಗಂಟೆಗೊಮ್ಮೆ ರಕ್ತ ತೆಗೆದು ಹೋಲಿಸುವ ಪರೀಕ್ಷೆ ಇರುತ್ತದೆ. ಅದನ್ನು ಓದಿಕೊಂಡು, ನನಗೆ ಅರ್ಥವಾದಷ್ಟನ್ನು ಅವರಿಗೆ ಬಿಡಿಸಿ ಹೇಳಲು ನನಗೆ ಮೂರ್ನಾಲ್ಕು ಭೇಟಿ ಹಿಡಿಯಿತು. ಕೊನೆಗೆ ಅವರು, ಬೆಲೆ ನಿಜವಾಗಿ ಕಾಲು ಪಾಲಿಗೆ ಇಳಿಯುವುದಾದರೆ ನಿಮ್ಮದನ್ನೇ ಬರೆಯುತ್ತೇನೆ, ಎಷ್ಟೋ ಜನ ಅರ್ಧಕ್ಕೇ ಬಿಟ್ಟುಬಿಡುತ್ತಿದ್ದಾರೆ ಅಂದರು.

ಅಂಗಡಿಯವರ ಚಿಂತೆ ಬೇರೆ. ಬೆಲೆ ಇಳಿಯುವ ದಿನ ಹಳೆಯ ದುಬಾರಿ ಮಾತ್ರೆ ಕಪಾಟಿನಲ್ಲಿ ಉಳಿದರೆ ಅದನ್ನು ಕೇಳುವವರಿಲ್ಲ. ವಾಪಸ್ ಕಳಿಸಿದರೆ ಕಂಪನಿ ತಿಂಗಳುಗಟ್ಟಲೆ ಆಟ ಆಡಿಸುತ್ತದೆ. ಹಾಗಾಗಿ ಮ್ಯಾನೇಜರು ಹೇಳಿಕೊಟ್ಟಂತೆ ನಾನು ಊರೂರಿನಲ್ಲಿ ಹೇಳಿದೆ: ಕಾರ್ತಿಕ ಕಳೆದ ಮೇಲೆ ಹಳೆಯದನ್ನು ತರಿಸಬೇಡಿ, ಇದ್ದದ್ದನ್ನು ಬಿಡಿಬಿಡಿಯಾಗಿ ಕತ್ತರಿಸಿ ಕೊಟ್ಟು ಖಾಲಿ ಮಾಡಿಕೊಳ್ಳಿ. ಹೊಳಲ್ಕೆರೆಯವರು ಎರಡನೇ ಮಾತು ಕೇಳಲಿಲ್ಲ. ಅದು ಅಡಿಕೆ ಮಂಡಿಯ ಊರು, ಬಾಯಲ್ಲಿ ಒಪ್ಪಿದರೆ ಮುಗಿಯಿತು. ಹಿರಿಯೂರಿನ ಅಂಗಡಿಯ ಯಜಮಾನರು ಮಾತ್ರ ಕನ್ನಡಕವನ್ನು ಹಣೆಯ ವಿಭೂತಿಯ ಮೇಲೆ ಏರಿಸಿಕೊಂಡು ನನ್ನನ್ನು ನೋಡಿದರು.

"ಲೇ ತಮ್ಮ, ಹಳೇದು ಖಾಲಿಯಾಗಿ ನಿಂದು ಬರ್ದೇ ಹೋದ್ರೆ? ಬರೇ ಕಪಾಟಿಗೆ ಊದಿನಕಡ್ಡಿ ಹಚ್ಚಿ ಕುಂತ್ಕಳ್ಲೇನು?"

"ಬಂದೇ ಬರ್ತೈತೆ ಯಜಮಾನ್ರೇ. ನನ್ನ ಮಾತು ಹುಸಿಯಾದ್ರೆ ನನ್ನನ್ನೇ ಅಲ್ಲಿ ಕುಂದ್ರಿಸಿ ಹಚ್ರಿ" ಅಂದೆ. ಅವರು ನಕ್ಕು ಒಪ್ಪಿದರು.

ಹಿರಿಯೂರು ಬಸ್‌ಸ್ಟ್ಯಾಂಡಿನ ಹೊರಗೆ ಒಬ್ಬ ಅಕ್ಕನ ಮಂಡಕ್ಕಿ-ಮಿರ್ಚಿ ಗಾಡಿ ಇತ್ತು. ಗುರುವಾರದ ನನ್ನ ಸಂಜೆಯ ತಿಂಡಿ ಅಲ್ಲೇ. ಆಕೆಗೆ ಉಪ್ಪು ಕಡಿಮೆ ತಿನ್ನಲು ಡಾಕ್ಟರು ಹೇಳಿದ್ದರಿಂದ ಹಿಟ್ಟಿನ ರುಚಿ ನೋಡುವ ಕೆಲಸ ನನ್ನದು. "ತಮ್ಮಾ, ಉಪ್ಪು ಐತೇನು ನೋಡು. ನನ್ನ ನಾಲಿಗೆ ಡಾಕ್ಟ್ರ ಮನೇಲಿ ಅಡ ಐತೆ" ಅನ್ನುತ್ತಿದ್ದಳು. ಆಕೆ ತೆಗೆದುಕೊಳ್ಳುತ್ತಿದ್ದುದು ಇದೇ ಮಾತ್ರೆ. ಚಿತ್ರದುರ್ಗದ ಡಾಕ್ಟರು ಪ್ರತಿ ಗುರುವಾರ ಮಧ್ಯಾಹ್ನ ಹಿರಿಯೂರಿಗೆ ಬರುತ್ತಿದ್ದರು, ಯಜಮಾನರ ಅಂಗಡಿಯ ಹಿಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಆಕೆ ಅವರಿಗೇ ತೋರಿಸುತ್ತಿದ್ದಳು. ಆದರೆ ದಿನಕ್ಕೆ ಎರಡು ನುಂಗಬೇಕಾದದ್ದನ್ನು ಒಂದೇ ನುಂಗುತ್ತಿದ್ದಳು. ಬೆಳಿಗ್ಗೆಯದು ಇಲ್ಲ, ರಾತ್ರಿಯದು ಮಾತ್ರ. ಹಗಲೆಲ್ಲ ನಿಂತು ಕರಿದು ಸಂಜೆಗೆ ಆಕೆಯ ಪಾದ ಚಪ್ಪಲಿಯಿಂದ ಹೊರಗೆ ಉಬ್ಬಿರುತ್ತಿತ್ತು. ಒಂದು ಸಂಜೆ ನಾನೇ ಹೇಳಿದೆ, ಸಂಕ್ರಾಂತಿ ಕಳೆಯಲಿ, ಇದೇ ಮಾತ್ರೆ ಕಾಲು ಬೆಲೆಗೆ ಬರುತ್ತದೆ, ಆಮೇಲೆ ಎರಡೂ ಹೊತ್ತು ನುಂಗಬಹುದು, ಅಲ್ಲಿಯ ತನಕ ಪೂರ್ತಿ ಸ್ಟ್ರಿಪ್ ಕೊಂಡು ಇಟ್ಟುಕೊಳ್ಳಬೇಡ ಎಂದು. ಆಕೆ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ತಟ್ಟಿ, "ಎರಡೂ ಹೊತ್ತಾ?" ಅಂತ ಕೇಳಿದಳು. ಎರಡೂ ಹೊತ್ತು ಅಂದೆ. ಅವತ್ತಿನ ಮಿರ್ಚಿಗೆ ಕಾಸು ತೆಗೆದುಕೊಳ್ಳಲಿಲ್ಲ.

ಸಂಕ್ರಾಂತಿ ಬಂತು, ಕಳೆಯಿತು. ಶುಕ್ರವಾರ ಚಿತ್ರದುರ್ಗದ ಹೋಟೆಲಿನ ಹಾಲ್‌ನಲ್ಲಿ ಬಿಡುಗಡೆಯ ಸಮಾರಂಭ. ಹೂವು, ಬ್ಯಾನರು, ಕೇಕು. ಡಾಕ್ಟರುಗಳು ಬಂದರು, ಊಟ ಮಾಡಿದರು, ಹೊಸ ಹೆಸರಿನ ಪೆನ್ನು ಜೇಬಿಗಿಟ್ಟುಕೊಂಡು ಹೋದರು. ಡಬ್ಬಿ ನನ್ನ ಕೈಗೆ ಬಂದದ್ದು ಎಲ್ಲ ಹೋದ ಮೇಲೆ. ಒಂದು ಮಾತ್ರೆ ಅಂಗೈಗೆ ಬಿಡಿಸಿಕೊಂಡೆ. ಹಳೆಯ ಮಾತ್ರೆಯ ಬಣ್ಣ, ಅದೇ ಉದ್ದುದ್ದನೆಯ ಆಕಾರ, ಅಂಚಿನ ಅದೇ ಇಳಿಜಾರು. ಹೋಲಿಕೆ ಇರಲಿ ಎಂದು ಮಾಡಿದ್ದಲ್ಲ. ಅದೇ ಅಚ್ಚಿನಿಂದ ಬಿದ್ದದ್ದು. ಎಷ್ಟು ಅಂಗಡಿಯ ಕೌಂಟರಿನಲ್ಲಿ ಅದನ್ನು ಕತ್ತರಿಸಿ ಕೊಡುವುದನ್ನು ನೋಡಿರಲಿಲ್ಲ ನಾನು! ಡಬ್ಬಿ ತಿರುಗಿಸಿ ಬೆಲೆ ನೋಡಿದೆ. ಹಳೆಯದಕ್ಕಿಂತ ಹತ್ತರಲ್ಲಿ ಒಂದು ಪಾಲಿನಷ್ಟೂ ಕಡಿಮೆ ಇರಲಿಲ್ಲ.

ಮ್ಯಾನೇಜರು ಕೈ ತೊಳೆಯುವ ತೊಟ್ಟಿಯ ಹತ್ತಿರ ನಿಂತಿದ್ದರು. ಡಬ್ಬಿ ಹಿಡಿದುಕೊಂಡು ಅಲ್ಲಿಗೇ ಹೋದೆ.

"ಏನಪ್ಪ, ಮುಖ ಯಾಕೆ ಹಂಗೆ ಮಾಡ್ಕಂಡೀಯ?" ಅಂದರು. "ಹಳೇ ಕಂಪನಿ ಜೊತೆ ಒಪ್ಪಂದ ಆಗೈತೆ. ಅವರ ಫ್ಯಾಕ್ಟರಿ ಮಾತ್ರೆ, ನಮ್ಮ ಹೆಸರು. ಡಾಕ್ಟ್ರಿಗೂ ಅನುಮಾನ ಬರಲ್ಲ, ಅದೇ ಮಾತ್ರೆ ತಾನೆ."

ನಮ್ಮ ಕಾರ್ಖಾನೆಯದು ಏನಾಯಿತು ಎಂದು ಕೇಳಿದೆ. ಮೇಲಿನವರು ಅದನ್ನು ಕೈಬಿಟ್ಟರು ಅಂದರು. ಯಾವಾಗ ಎಂದು ಕೇಳಿದ್ದಕ್ಕೆ ಟವೆಲ್ಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ, ದಸರಾಕ್ಕೆ ಮುಂಚೆಯೇ ಅಂದರು.

ದಸರಾ ಕಳೆದ ಮೇಲೆ ತಾನೇ ಇವರು ನನ್ನನ್ನು ಎದುರಿಗೆ ಕೂರಿಸಿಕೊಂಡು ಕಾಲು ಬೆಲೆಯ ಮಾತು ಹೇಳಿದ್ದು.

"ನಿಮಗೆ ಗೊತ್ತಿತ್ತಾ ಸಾರ್?"

"ಗೊತ್ತಿತ್ತು."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

ಅವರು ಬೇಸರದಿಂದಲ್ಲ, ಪ್ರೀತಿಯಿಂದಲೇ ನನ್ನ ಹೆಗಲ ಮೇಲೆ ಕೈಯಿಟ್ಟರು. "ನಿನಗೆ ಸುಳ್ಳು ಹೇಳಕ್ಕೆ ಬರಲ್ಲ ಕಣಪ್ಪ. ಗೊತ್ತಿದ್ದಿದ್ರೆ ಹಂಗೆ ಮಾತಾಡ್ತಿದ್ದೇನು ನೀನು? ಈಗ ನೋಡು, ನಾಕೂ ಊರಲ್ಲಿ ಹಳೇದು ಒಂದು ಸ್ಟ್ರಿಪ್ಪೂ ಇಲ್ಲ. ಖಾಲಿ ಕಪಾಟಿಗೆ ನಮ್ಮದೇ ಹೋಗಿ ಕುಂತ್ಕಳ್ತೈತೆ. ಬೇರೆ ಜಿಲ್ಲೇಲಿ ಯಾವನೂ ಇದನ್ನ ಮಾಡಿಲ್ಲ."

ಹೊಗಳಿಕೆ ಅದು. ನಾನು ಅಜ್ಜಿಯ ಹತ್ತಿರ ಕಲಿತ ಮಾತು ಅವರಿಗೆ ಯಾವ ಕೆಲಸಕ್ಕೆ ಬಂತು ಎಂಬುದು ನನಗೆ ಆ ತೊಟ್ಟಿಯ ಹತ್ತಿರ ತಿಳಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೆಗಲ ಮೇಲಿನ ಕೈಯನ್ನು ಏನು ಮಾಡುವುದು?

ಸೋಮವಾರ ಚಿತ್ರದುರ್ಗದಲ್ಲಿ ಡಾಕ್ಟರ ಕಡೆ ಹೋಗಲಿಲ್ಲ. ಮಂಗಳವಾರ ಎಂದಿನಂತೆ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟೆ. ಹತ್ತಬೇಕಾದ ಬಸ್ಸು ಬಂತು, ಹತ್ತಿದೆ. ಹೊಳಲ್ಕೆರೆಯ ಅಂಗಡಿಯವರು ನಮ್ಮ ಡಬ್ಬಿಯನ್ನು ಕೌಂಟರಿನ ಮೇಲೆ ನಿಲ್ಲಿಸಿ, ಅದರ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿಕೊಂಡು, ಇಬ್ಬರನ್ನೂ ಹೋಲಿಸಿ ನೋಡುವವರಂತೆ ನೋಡಿದರು. ಬೈಯಲಿಲ್ಲ. ದಾವಣಗೆರೆಯ ಹೋಲ್‌ಸೇಲಿಗೆ ಬೇರೆ ಒಂದು ಸಣ್ಣ ಕಂಪನಿಯ ಮಾತ್ರೆ ನಿಜವಾಗಿಯೂ ಕಾಲು ಬೆಲೆಗೆ ಬಂದಿದೆ, ಆದರೆ ಡಾಕ್ಟರು ನಿಮ್ಮ ಹೆಸರನ್ನೇ ಬರೆಯುತ್ತಿದ್ದಾರಲ್ಲ, ನಾವು ತರಿಸಿ ಏನು ಮಾಡೋಣ ಅಂದರು. ಹೊಸದುರ್ಗದಲ್ಲಿ ಚಹಾ ಬರಲಿಲ್ಲ. ಎರಡೂ ಊರಲ್ಲಿ ನಾನು ಬಾಯಿಬಿಡಲಿಲ್ಲ.

ಗುರುವಾರ ಹಿರಿಯೂರಿನಲ್ಲಿ ಇಳಿದಾಗ ಗಾಡಿಯ ಸ್ಟೋವ್ ಹಚ್ಚಿರಲಿಲ್ಲ. ಅಕ್ಕ ಸ್ಟೂಲಿನ ಮೇಲೆ ಕೂತು, ಎರಡೂ ಅಂಗೈಯನ್ನು ಮೊಣಕಾಲಿಗೆ ಊರಿ, ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದಳು. ಪಾದ ಮಾತ್ರವಲ್ಲ, ಮೀನಖಂಡದ ತನಕ ಊದಿತ್ತು. ಬಿಡಿಯಾಗಿ ಕೊಂಡಿದ್ದ ಮಾತ್ರೆ ಕಳೆದ ವಾರವೇ ತೀರಿತ್ತಂತೆ. ಯಜಮಾನರ ಹತ್ತಿರ ಹಳೆಯದು ಇರಲಿಲ್ಲ. ಅವರು ಡಾಕ್ಟರಿಗೆ ಫೋನು ಮಾಡಿ ಕೇಳಿದ್ದಕ್ಕೆ, ಆ ರೆಪ್ ಹೇಳಿದ ಹೊಸದು ಬಂದಿದೆಯಲ್ಲ, ಅದನ್ನೇ ಕೊಡಿ ಅಂದಿದ್ದರಂತೆ. ಬೆಲೆ ಕೇಳಿ ಈಕೆ ವಾಪಸ್ ಬಂದಿದ್ದಳು. ತಮ್ಮ ಹೇಳಿದ ಅಗ್ಗದ್ದು ಇದಲ್ಲ, ಅದು ಇನ್ನೂ ಬಂದಿಲ್ಲ, ಗುರುವಾರ ಅವನೇ ಬರುತ್ತಾನೆ ಎಂದು ಕಾದಿದ್ದಳು. ಅಷ್ಟು ದಿನ ಒಂದೂ ಮಾತ್ರೆ ಇಲ್ಲದೆ ಕಾದಿದ್ದಳು.

"ತಂದಿಯೇನು?" ಎಂದು ನನ್ನ ಬ್ಯಾಗು ನೋಡಿದಳು.

ಆಟೋ ಹಿಡಿದು ಆಕೆಯನ್ನು ಅಂಗಡಿಗೆ ಕರೆತಂದೆ. ಯಜಮಾನರು ಆಕೆಗೆ ಕುರ್ಚಿ ಹಾಕಿ, ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಬಾರಪ್ಪ, ಮಾತಿನ ಮಲ್ಲ. ಕಪಾಟು ಖಾಲಿ ಐತೆ, ಹತ್ತಿ ಕುಂತ್ಕ. ಊದಿನಕಡ್ಡಿ ತರ್ತೀನಿ."

ಡಾಕ್ಟರು ಆಗಷ್ಟೇ ಬಂದಿದ್ದರು. ಆಕೆಯನ್ನು ಮೊದಲು ಒಳಗೆ ಬಿಟ್ಟೆವು. ಅವರು ಎದೆಯ ಸದ್ದು ಕೇಳಿ, ನೀರು ಇಳಿಯಲು ಇಂಜೆಕ್ಷನ್ ಕೊಟ್ಟು, ಪಕ್ಕದ ಮಂಚದ ಮೇಲೆ ದಿಂಬು ಎತ್ತರಿಸಿ ಒರಗಿಸಿದರು. ಮಾತ್ರೆ ನಿಲ್ಲಿಸಿದ್ದು ಯಾಕೆ ಎಂದು ಗದರಿ, ಚೀಟಿ ಎಳೆದುಕೊಂಡು ಬರೆಯತೊಡಗಿದರು. ಹೊಸ ಪೆನ್ನಿನಲ್ಲಿ ನಮ್ಮ ಹೆಸರಿನ ಮೊದಲ ಅಕ್ಷರ ಮೂಡುವುದು ನನಗೆ ಕಂಡಿತು.

ಒಬ್ಬ ರೆಪ್ಪು ಡಾಕ್ಟರ ಮುಂದೆ ಆಡಲೇಬಾರದ ಮಾತು ಅಂತ ಒಂದಿದ್ದರೆ ಅದು ಇದೇ. ನಮ್ಮ ಕಸುಬು ನಿಂತಿರುವುದೇ ಅದರ ಉಲ್ಟಾ ಮಾತಿನ ಮೇಲೆ.

"ನಮ್ಮದನ್ನು ಬರೆಯಬೇಡಿ ಸಾರ್" ಅಂದೆ.

ಡಾಕ್ಟರು ಪೆನ್ನು ಎತ್ತಿದರು. "ಯಾಕ್ರೀ? ಏನಾದ್ರೂ ತೊಂದರೆ ಬಂದೈತಾ ಮಾತ್ರೇಲಿ?"

"ಮಾತ್ರೆ ಚೆನ್ನಾಗೈತೆ ಸಾರ್. ಬೆಲೆ ಇಳಿದಿಲ್ಲ. ನಾನು ನಿಮಗೆ ಹೇಳಿದ್ದು ನಮ್ಮ ಕಾರ್ಖಾನೇದು. ನಮ್ಮೋರು ತಂದಿರೋದು ಹಳೇ ಕಂಪನೀದೇ, ಹೆಸರು ಮಾತ್ರ ನಮ್ಮದು."

ಅವರು ಬೆಲೆ ನೋಡಿಯೇ ಇರಲಿಲ್ಲ. ನೋಡುವ ಅಗತ್ಯವಿಲ್ಲ ಎಂದು ಅವರಿಗೆ ಅನ್ನಿಸುವಂತೆ ಮಾಡಿದವನು ನಾನೇ. ಯಜಮಾನರನ್ನು ಒಳಗೆ ಕರೆದು ಡಬ್ಬಿ ತರಿಸಿಕೊಂಡು ನೋಡಿದರು. ಅವರ ಕಿವಿ ಕೆಂಪಾಯಿತು. ವಾರವೆಲ್ಲ ನಿಮ್ಮ ಮೇಲಿನ ನಂಬಿಕೆಗೆ ಇದನ್ನೇ ಬರೆದೆ, ಎಷ್ಟು ಜನ ಹೀಗೆ ಕೊಳ್ಳದೆ ವಾಪಸ್ ಹೋದರೋ ಅಂದರು. ದಾವಣಗೆರೆಗೆ ಬಂದಿರುವ ಸಣ್ಣ ಕಂಪನಿಯ ಮಾತ್ರೆಯ ವಿಷಯ ಹೇಳಿದೆ. ಅದರ ರಕ್ತಪರೀಕ್ಷೆಯ ವಿವರ ಏನು ಎಂದು ಕೇಳಿದರು. ನನಗೆ ಗೊತ್ತಿಲ್ಲ, ಅವರನ್ನೇ ಕೇಳಿ, ಈ ಸಲ ನನ್ನ ಬಾಯಿಂದ ಬೇಡ ಅಂದೆ. ಅವರು ಹೋಲ್‌ಸೇಲಿನವರಿಗೆ ಫೋನು ಹಚ್ಚಿ, ಆ ಕಂಪನಿಯವರಿಂದಲೇ ವಿವರ ತರಿಸಿಕೊಂಡು, ಅಲ್ಲೇ ಕೂತು ಓದಿದರು. ಆಮೇಲೆ ಬರೆದದ್ದನ್ನು ಹೊಡೆದುಹಾಕಿ, ಯಾವ ಕಂಪನಿಯ ಹೆಸರೂ ಇಲ್ಲದೆ ಮೂಲ ಔಷಧದ ಹೆಸರನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆದರು. ಹಾಗೆ ಬರೆದರೆ ಅಂಗಡಿಯವರು ಯಾವುದನ್ನು ಬೇಕಾದರೂ ಕೊಡಬಹುದು. ಕೆಲವು ದಿನ ಮಾತ್ರೆ ಬಿಟ್ಟು ಮತ್ತೆ ಶುರು ಮಾಡುವುದರಿಂದ ಮೊದಲು ಕಡಿಮೆ ಶಕ್ತಿಯದು, ಎರಡೂ ಹೊತ್ತು. ಯಜಮಾನರು ದಾವಣಗೆರೆಗೆ ಹೇಳಿದರು, ಸಂಜೆಯ ಬಸ್ಸಿಗೆ ಪಾರ್ಸಲ್ ಬಂತು.

ಹೊಳಲ್ಕೆರೆಗೂ ಹೊಸದುರ್ಗಕ್ಕೂ ಅಲ್ಲಿಂದಲೇ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೊಸದುರ್ಗದವರು ಕೇಳಿಸಿಕೊಂಡು, "ನಿನ್ನೆ ನಿಂತಿದ್ಯಲ್ಲ ಇಲ್ಲೇ, ಅವಾಗ ಬಾಯಿ ಎಲ್ಲಿ ಬಿಟ್ಟು ಬಂದಿದ್ದೆ?" ಎಂದು ಫೋನಿಟ್ಟರು. ನಾಲ್ಕೂ ಊರಲ್ಲಿ ನಮ್ಮ ಮಾತ್ರೆ ಖರ್ಚಾಗದೆ ಹೋದದ್ದಕ್ಕೆ ಮ್ಯಾನೇಜರು ಕಾರಣ ಕೇಳಿದರು, ಹೇಳಿದೆ. ಆ ಕೆಲಸ ಆಮೇಲೆ ಬಹಳ ದಿನ ಉಳಿಯಲಿಲ್ಲ. ಅದರ ವಿವರ ಇಲ್ಲಿಗೆ ಬೇಡ.

ಕೆಲಸ ಇರುವಾಗಲೇ, ಫೆಬ್ರುವರಿಯ ಒಂದು ಗುರುವಾರ, ಗಾಡಿಯ ಹತ್ತಿರ ಹೋದೆ. ಸ್ಟೋವ್ ಉರಿಯುತ್ತಿತ್ತು. ಅಕ್ಕ ಕರಿಯುತ್ತಿದ್ದಳು. ಆದರೆ ಪಾದ ಚಪ್ಪಲಿಯಿಂದ ಹೊರಗೇ ಇತ್ತು. ಮಾತ್ರೆ ಸಿಗುತ್ತಿದೆಯಾ ಎಂದು ಕೇಳಿದೆ. ಸಿಗುತ್ತಿದೆ ಅಂದಳು. ಎರಡೂ ಹೊತ್ತು ನುಂಗುತ್ತಿದ್ದೀಯಾ ಎಂದು ಕೇಳಿದೆ. ಆಕೆ ಗಾಡಿಯ ಕೆಳಗಿನ ಡಬ್ಬಿ ಎಳೆದು ಮುಚ್ಚಳ ತೆಗೆದಳು. ಅದರಲ್ಲಿ ಎರಡು-ಮೂರು ಸ್ಟ್ರಿಪ್, ಬಿಡಿಸದವು.

"ಒಂದೇ ಹೊತ್ತು ನುಂಗ್ತೀನಿ. ಇನ್ನೊಂದು ಎತ್ತಿಡ್ತೀನಿ" ಅಂದಳು. "ನಾಳೆ ನಿಮ್ಮೋರು ಮತ್ತೆ ಏನೋ ಮಾಡಿ ರೇಟು ಏರಿಸಿದ್ರೆ? ಹೋದ ಸಲ ನಿನ್ನ ಮಾತು ಕೇಳಿ ಕೈಲಿ ಒಂದೂ ಇಟ್ಕಳ್ಲಿಲ್ಲ."

ಇದು ನಮ್ಮವರದಲ್ಲ, ಈಗ ಬೇಕಾದಷ್ಟು ಕಂಪನಿಗಳು ಮಾಡುತ್ತಿವೆ, ಪೇಟೆಂಟ್ ಮುಗಿದ ಮೇಲೆ ಮತ್ತೆ ಬರುವುದಿಲ್ಲ, ಇನ್ನು ಬೆಲೆ ಹಳೆಯ ಮಟ್ಟಕ್ಕೆ ಹೋಗಲಾರದು ಎಂದು ಹೇಳಿದೆ. ಒಂದೊಂದೂ ನಿಜ. ಆಕೆ ಬಾಣಲೆಯ ಕಡೆ ನೋಡುತ್ತ ಕೇಳಿಸಿಕೊಂಡಳು.

"ಅವಾಗ್ಲೂ ಹಿಂಗೇ ಚೆನ್ನಾಗಿ ಹೇಳಿದ್ದೆ" ಅಂದಳು. "ನೀನು ಹೇಳಬ್ಯಾಡ ಬಿಡು. ಡಾಕ್ಟ್ರು ಹೇಳ್ಲಿ."

ಆಕೆಯನ್ನು ಅಲ್ಲೇ ಬಿಟ್ಟು ಅಂಗಡಿಗೆ ಹೋಗಿ, ಡಾಕ್ಟರಿಗೆ ವಿಷಯ ತಿಳಿಸಿ, ಆಕೆಯನ್ನು ಕರೆಸಲು ಯಜಮಾನರಿಗೆ ಹೇಳಿದೆ. ನಾನು ಹೊರಗಿನ ಬೆಂಚಿನಲ್ಲಿ ರೋಗಿಗಳ ಸಾಲಿನಲ್ಲಿ ಕೂತೆ. ಆಕೆ ಬಂದಳು, ನನ್ನನ್ನು ದಾಟಿ ಒಳಗೆ ಹೋದಳು. ಪರದೆಯ ಆಚೆ ಡಾಕ್ಟರು ನಾನು ಹೇಳಿದ ಅದೇ ಮಾತುಗಳನ್ನು ಹೇಳುವುದು ಕೇಳಿಸಿತು, ನನಗಿಂತ ಒರಟಾಗಿ, ಅರ್ಧ ಇಂಗ್ಲಿಷಿನಲ್ಲಿ. ಆಕೆ ಒಂದೊಂದಕ್ಕೂ ಹೂಂ ಅನ್ನುತ್ತಿದ್ದಳು. ಹೊರಗೆ ಬಂದು ಯಜಮಾನರಿಂದ ಒಂದು ಲೋಟ ನೀರು ಕೇಳಿ ಇಸಿದುಕೊಂಡು, ಸೆರಗಿನ ಗಂಟಿನಿಂದ ಸ್ಟ್ರಿಪ್ ತೆಗೆದು, ಬೆಳಿಗ್ಗೆ ಬಿಟ್ಟಿದ್ದ ಮಾತ್ರೆಯನ್ನು ಅಲ್ಲೇ ನಿಂತು ನುಂಗಿದಳು.

ಅಂಗಡಿಯ ಮೆಟ್ಟಿಲು ಎತ್ತರ. ನಾನು ಎದ್ದು ಕೈ ಚಾಚಿದೆ. ಆಕೆ ಗೋಡೆ ಹಿಡಿದು, ಒಂದೊಂದೇ ಕಾಲು ಊರಿ ಇಳಿದು, ಬಸ್‌ಸ್ಟ್ಯಾಂಡಿನ ಕಡೆ ನಡೆದಳು.